ತಲೆಯಿಲ್ಲದ ಮೀನಿನ ಹೆಸರು

ಕಳೆದ ವರ್ಷ ತಂಗಿಯ ಮಗಳ ಬಾಣಂತನ ಕೋಲಾರದ ನಮ್ಮ ಮನೆಯಲ್ಲೇ ನಡೆಯಿತು. ಮಗುವಿಗೆ ಹನ್ನೆರಡು ದಿನ ತುಂಬುವ ಹೊತ್ತಿಗೆ ಹಾಲು ಸಾಲುತ್ತಿಲ್ಲವೆಂಬ ಮಾತು ಅಡುಗೆಮನೆಯಲ್ಲಿ ಹುಟ್ಟಿ ನಡುಮನೆಗೆ ಬಂತು. ಸಬ್ಬಸಿಗೆ ಸೊಪ್ಪು, ಹುರಿದ ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಲ್ಲವೂ ಆದ ಮೇಲೆ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲಲ್ಲೇ ನಿಂತು, ‘ಇದೆಲ್ಲಾ ಸರಿ ಮೇಷ್ಟ್ರೇ, ಒಂದು ಸಲ ಪಾಲ್ ಸುರಾ ತಂದು ಪುಟ್ಟು ಮಾಡಿ ಹಾಕಿ, ಆಮೇಲೆ ನೋಡಿ’ ಎಂದರು. ಅವರ ಯಜಮಾನರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದ ನಂತರ ಮಗನ ಕೆಲಸದ ಸಲುವಾಗಿ ಕುಟುಂಬ ಕೋಲಾರಕ್ಕೆ ಬಂದು ನೆಲೆಸಿತು. ತಮಿಳು ಮನೆಗಳಲ್ಲಿ ಬಾಣಂತಿಗೆ ಪಾಲ್ ಸುರಾ ಎಂಬ ಸಣ್ಣ ಶಾರ್ಕ್ ಮೀನನ್ನು ತಿನ್ನಿಸುವುದು ನಮ್ಮಲ್ಲಿ ಕಷಾಯ ಕುಡಿಸುವಷ್ಟೇ ಸಹಜ. ಆ ಮೀನು ಕೋಲಾರದಲ್ಲಿ ಸಿಕ್ಕದು, ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೇ ಹೋಗಬೇಕು ಎಂದೂ ಅಜ್ಜಿಯೇ ಹೇಳಿದರು. ಮಾರನೆಯ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಅಂದಿನಿಂದ ಬೆನ್ನು ಬಿಡದ ಒಂದು ಪ್ರಶ್ನೆಯನ್ನು ಇಲ್ಲಿ ಬರೆದು ಇಳಿಸಿಕೊಳ್ಳುತ್ತಿದ್ದೇನೆ.

ಪ್ರಶ್ನೆ ಬಹಳ ಸಣ್ಣದು. ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸು ಮಂಜುಗಡ್ಡೆಯ ಚೂರುಗಳ ನಡುವಿನಿಂದ ಎತ್ತಿ ತೋರಿಸಿದ ಬೂದು ಬಣ್ಣದ ಮೀನು ಶಾರ್ಕ್ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ; ಚರ್ಮವನ್ನು ಬಾಲದ ಕಡೆಯಿಂದ ಮುಂದಕ್ಕೆ ಸವರಿದರೆ ಮರಳುಕಾಗದದಂತೆ ಬೆರಳಿಗೆ ತಾಗುತ್ತಿತ್ತು. ಆದರೆ ಅದು ಯಾವ ಶಾರ್ಕ್ ಎಂದು ಹೇಳಲು ನನಗೆ ಆಗಲಿಲ್ಲ. ನಾನು ಪ್ರಾಣಿಶಾಸ್ತ್ರದ ಪದವೀಧರ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿರುವವನು, ಅದಕ್ಕಿಂತ ಹೆಚ್ಚಾಗಿ, ಪದವಿಯ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಇದೇ ಗಾತ್ರದ, ಇದೇ ಬಣ್ಣದ ಶಾರ್ಕ್ ಒಂದನ್ನು ಬಿಡಿಸಿ ತೋರಿಸಿ ಅಂಕ ಪಡೆದವನು. ‘ಯಾವ ಸುರಾ ಅಕ್ಕ ಇದು?’ ಎಂದು ಕೇಳಿದೆ. ‘ಪಾಲ್ ಸುರಾನೇ ಸಾರ್. ಬಾಣಂತಿಗಾ?’ ಎಂದರು. ‘ತಲೆ ಎಲ್ಲಿ?’ ಎಂದೆ. ಅವರು ನಕ್ಕುಬಿಟ್ಟರು. ‘ತಲೆ ಏನಕ್ಕೆ ಸಾರ್? ಅದರಲ್ಲಿ ಮಾಂಸಾನೂ ಇಲ್ಲ, ಮೂಳೇನೂ ಇಲ್ಲ. ಮದ್ರಾಸಲ್ಲೇ ತೆಗೆದು ಕಳಿಸ್ತಾರೆ.’

ಮೂಳೆ ಇಲ್ಲ ಎಂದದ್ದು ಅಕ್ಷರಶಃ ನಿಜ. ಶಾರ್ಕ್‌ನ ಇಡೀ ಅಸ್ಥಿಪಂಜರ ಮೃದ್ವಸ್ಥಿಯದು. ಆದರೆ ತಲೆಯಲ್ಲಿ ಏನೂ ಇಲ್ಲ ಎಂಬ ಮಾತು ಮಾತ್ರ ನನ್ನನ್ನು ಚುಚ್ಚಿತು, ಏಕೆಂದರೆ ಪದವಿಯ ದಿನಗಳಲ್ಲಿ ನಾನು ಕಲಿತದ್ದೆಲ್ಲ ಆ ತಲೆಯಲ್ಲೇ ಇತ್ತು.

ಮೇಣದ ಟ್ರೇಯ ಮೇಲಿನ ಶಾರ್ಕ್

ಆ ಕಾಲದಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕ್ ಎಂದರೆ ಮೂಗಿಗೆ ಮೊದಲು ಬರುವುದು ಫಾರ್ಮಲಿನ್ ವಾಸನೆ. ಕಪ್ಪೆ, ಜಿರಳೆ, ಎರೆಹುಳು ಮುಗಿದ ಮೇಲೆ ಕೊನೆಯ ವರ್ಷಕ್ಕೆ ಬರುತ್ತಿದ್ದ ಘನ ವಸ್ತು ಅದು. ಮೇಣ ಸುರಿದ ಟ್ರೇಯಲ್ಲಿ ಮೀನನ್ನು ಗುಂಡುಸೂಜಿಗಳಿಂದ ಬಿಗಿದು, ತಲೆಯ ಚರ್ಮವನ್ನು ಹದವಾಗಿ ಸುಲಿದು, ಮೃದ್ವಸ್ಥಿಯನ್ನು ಚೂರುಚೂರಾಗಿ ಕೆರೆದು, ಐದನೆಯ, ಏಳನೆಯ, ಒಂಬತ್ತನೆಯ, ಹತ್ತನೆಯ ಕಪಾಲ ನರಗಳನ್ನು ಹರಿಯದಂತೆ ಬಿಡಿಸಿ, ಅವುಗಳ ಕೆಳಗೆ ಕಪ್ಪು ಕಾಗದದ ಪಟ್ಟಿ ಸೇರಿಸಿ ತೋರಿಸಬೇಕಿತ್ತು. ಕಲ್ಲಿನ ನೆಲದ ಆ ಪ್ರಯೋಗಾಲಯದಲ್ಲಿ, ಹೊರಗೆ ಅಂತರಗಂಗೆ ಬೆಟ್ಟ ಬಿಸಿಲಿಗೆ ಬೆಳ್ಳಗಾಗಿ ನಿಂತಿರುವಾಗ, ಸಮುದ್ರವನ್ನೇ ನೋಡದ ನಾವು ಇಪ್ಪತ್ತೆರಡು ಮಂದಿ ಸಮುದ್ರದ ಪ್ರಾಣಿಯೊಂದರ ತಲೆಯೊಳಗೆ ನರ ಹುಡುಕುತ್ತಿದ್ದೆವು. ನಾನು ಸಮುದ್ರ ಕಂಡದ್ದು ಅದಾದ ಆರು ವರ್ಷಕ್ಕೆ, ಮದುವೆಯಾದ ಮೇಲೆ.

ಒಂದು ದಿನ ನನ್ನ ಪಕ್ಕದ ಟ್ರೇಯಲ್ಲಿದ್ದ ಮೀನಿನ ಹೊಟ್ಟೆ ಉಬ್ಬಿತ್ತು. ತಲೆಯ ಕೆಲಸ ಮುಗಿದ ಮೇಲೆ ಮೇಡಂ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ತಾವೇ ಕತ್ತರಿ ಹಿಡಿದು ಹೊಟ್ಟೆ ಬಿಡಿಸಿದರು. ಒಳಗಿದ್ದ ಎರಡು ಗರ್ಭಕೋಶಗಳಲ್ಲಿ ಕಿರುಬೆರಳು ಗಾತ್ರದ ಮರಿಗಳು ಒಂದರ ಪಕ್ಕ ಒಂದು ಮಲಗಿದ್ದವು, ಎಣಿಸಿದಾಗ ಹದಿಮೂರಾದವು. ಒಂದೊಂದರ ಎದೆಯ ಕೆಳಗಿನಿಂದ ದಾರವೊಂದು ಹೊರಟು ಗರ್ಭಕೋಶದ ಗೋಡೆಗೆ ಸೇರಿತ್ತು, ಆ ದಾರದ ತುಂಬ ಕುಚ್ಚಿನಂತಹ ಎಳೆಗಳು. ‘ಇದು ಹೊಕ್ಕುಳಬಳ್ಳಿ. ಮೀನು ಮೊಟ್ಟೆ ಇಡುತ್ತದೆ ಅಂತ ತಾನೇ ನೀವು ಓದಿದ್ದು? ಇದು ಹೆರುತ್ತದೆ’ ಎಂದರು ಮೇಡಂ. ಹೆರುತ್ತದೆ ಎಂಬ ಪದ ಕೇಳಿ ಹಿಂದಿನ ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದು ನಕ್ಕರು, ಮೇಡಂ ನಗಲಿಲ್ಲ. ಆ ವರ್ಷ ಅವರೂ ಬಸುರಿಯಾಗಿದ್ದರೆಂಬುದು ನನಗೆ ಈಗ ಬರೆಯುವಾಗ ನೆನಪಾಗುತ್ತಿದೆ.

ಸ್ಕೋಲಿಯೋಡಾನ್‌ನ ಬಸಿರು ಸಾಮಾನ್ಯವಾದುದಲ್ಲ. ಅದರ ಮೊಟ್ಟೆ ಸುಮಾರು ಒಂದು ಮಿಲಿಮೀಟರಿನಷ್ಟು, ಶಾರ್ಕ್ ಜಾತಿಗಳಲ್ಲೇ ಅತಿ ಸಣ್ಣ ಮೊಟ್ಟೆಗಳಲ್ಲೊಂದು. ಬೇರೆ ಶಾರ್ಕ್‌ಗಳಂತೆ ಮರಿಗೆ ಬುತ್ತಿ ಕಟ್ಟಿಕೊಡುವಷ್ಟು ಭಂಡಾರ ಆ ಮೊಟ್ಟೆಯಲ್ಲಿ ಇರುವುದೇ ಇಲ್ಲ. ಆದುದರಿಂದ ಬಸಿರಿನ ತೀರ ಮೊದಲ ಹಂತದಿಂದಲೇ ಮರಿ ತಾಯಿಯನ್ನು ಅವಲಂಬಿಸುತ್ತದೆ, ಮಾಸು ಬೆಳೆಯುತ್ತದೆ, ತಾಯಿಯ ರಕ್ತದಿಂದ ಅದರ ಮೂಲಕ ಆಹಾರ ಸಾಗುತ್ತದೆ. ಮೀನುಗಳ ಲೋಕದಲ್ಲಿ ಸ್ತನಿಗಳ ಬಸಿರಿಗೆ ಇಷ್ಟು ಹತ್ತಿರ ಬಂದದ್ದು ಬಹಳ ಕಡಿಮೆ. ನಾವು ಇದನ್ನೆಲ್ಲ ಪರೀಕ್ಷೆಗಾಗಿ ಕಂಠಪಾಠ ಮಾಡಿದೆವು. ಆ ಮೀನು ಎಲ್ಲಿಂದ ಬಂತು, ಯಾರು ಹಿಡಿದರು, ಪ್ರತಿ ವರ್ಷ ದೇಶದ ಎಷ್ಟು ಕಾಲೇಜುಗಳ ಎಷ್ಟು ಟ್ರೇಗಳಿಗೆ ಅದು ಬೇಕಾಗುತ್ತದೆ ಎಂದು ಯಾರೂ ಕೇಳಲಿಲ್ಲ. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಾಣಿಗಳ ಅಂಗಚ್ಛೇದನಕ್ಕೆ ತೆರೆ ಎಳೆಯಿತು. ಈಗಿನ ಮಕ್ಕಳು ಕಂಪ್ಯೂಟರಿನ ಪರದೆಯ ಮೇಲೆ ನರ ನೋಡುತ್ತಾರೆ. ಅದು ಒಳ್ಳೆಯದೇ ಆಯಿತೆಂದು ನಾನು ಒಪ್ಪುತ್ತೇನೆ, ಹದಿಮೂರು ಮರಿಗಳನ್ನು ನೋಡಿದ ಆ ಮಧ್ಯಾಹ್ನ ನನಗೆ ಸಿಕ್ಕಿದ್ದು ಅವರಿಗೆ ಪರದೆಯಲ್ಲಿ ಸಿಕ್ಕೀತೆಂದು ಮಾತ್ರ ಒಪ್ಪಲಾರೆ.

ಒಂದೇ ಮನೆಯಿಂದ ಬೇರೆಯಾದವರು

ಮಾರುಕಟ್ಟೆಯಿಂದ ಬಂದ ಮೇಲೆ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ‘ಸ್ಕೋಲಿಯೋಡಾನ್ ಸೊರಕೋವ’ ಎಂದಿತ್ತು. ಈಗ ಆ ಮೀನಿನ ಸರಿಯಾದ ಹೆಸರು ಸ್ಕೋಲಿಯೋಡಾನ್ ಲ್ಯಾಟಿಕಾಡಸ್. ಮೂತಿ ಸಲಿಕೆಯಂತೆ ಚಪ್ಪಟೆಯಾಗಿರುವುದರಿಂದ ಇಂಗ್ಲಿಷಿನಲ್ಲಿ ಸ್ಪೇಡ್‌ನೋಸ್ ಶಾರ್ಕ್. ಆದರೆ ನನ್ನ ಕಣ್ಣು ನಿಂತದ್ದು ಹಳೆಯ ಹೆಸರಿನ ಮೇಲೆ. ಸೊರ ಎಂಬುದು ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಮನೆಮಾತಾದ ತೆಲುಗಿನಲ್ಲಿ ಶಾರ್ಕಿಗಿರುವ ಹೆಸರು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದಲ್ಲಿ ಕುಳಿತು ಅಲ್ಲಿನ ಬೆಸ್ತರು ತಂದ ಇನ್ನೂರು ಮೀನುಗಳ ಚಿತ್ರ ಬರೆಯಿಸಿ 1803ರಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಮೀನುಗಳಿಗೆ ಬೆಸ್ತರು ಹೇಳಿದ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ. ಅದರಲ್ಲಿ ಸೊರಕೋವ ಇದೆ, ಪಾಲ ಸೊರವೂ ಇದೆ. ಅಂದರೆ ಇನ್ನೂರು ವರ್ಷಗಳ ಹಿಂದೆಯೇ ಕೋರಮಂಡಲ ಕರಾವಳಿಯ ಬೆಸ್ತರಿಗೆ ಇವು ಎರಡು ಹೆಸರಿನ ಎರಡು ಮೀನು. ಪಾಲು ಎಂದರೆ ತೆಲುಗಿನಲ್ಲಿ ಹಾಲು. ಹಳಗನ್ನಡದಲ್ಲೂ ಹಾಲು ಪಾಲ್ ಆಗಿಯೇ ಇತ್ತು. ರಾಬರ್ಟ್‌ಸನ್‌ಪೇಟೆಯ ಅಕ್ಕನ ಪಾಲ್ ಸುರಾವನ್ನು ಅರ್ಥ ಮಾಡಿಕೊಳ್ಳಲು ಕೋಲಾರದವನಿಗೆ ನಿಘಂಟು ಬೇಕಿಲ್ಲ.

ವಿಜ್ಞಾನಿಗಳಿಗೆ ಇಷ್ಟು ಸುಲಭವಾಗಲಿಲ್ಲ. ಬಹಳ ಕಾಲ ಇಂತಹ ಸಣ್ಣ ಬೂದು ಶಾರ್ಕ್‌ಗಳನ್ನೆಲ್ಲ ಸ್ಕೋಲಿಯೋಡಾನ್ ಎಂಬ ಒಂದೇ ಕುಲದೊಳಗೆ ತುಂಬಿಡಲಾಗಿತ್ತು. 1964ರಲ್ಲಿ ಅಮೆರಿಕದ ವಿಕ್ಟರ್ ಸ್ಪ್ರಿಂಗರ್ ಈ ಅವಿಭಕ್ತ ಕುಟುಂಬವನ್ನು ಪಾಲು ಮಾಡಿ, ಸ್ಕೋಲಿಯೋಡಾನ್, ಲಾಕ್ಸೊಡಾನ್, ರೈಜೋಪ್ರಿಯೊನೊಡಾನ್ ಎಂಬ ಮೂರು ಮನೆಗಳಿಗೆ ಹಂಚಿದರು. ಹಾಲಿನ ಹೆಸರಿನ ಶಾರ್ಕ್ ಮೂರನೆಯ ಮನೆಗೆ ಹೋಯಿತು. ಅದರ ಹೆಸರು ರೈಜೋಪ್ರಿಯೊನೊಡಾನ್ ಅಕ್ಯೂಟಸ್. 1837ರಲ್ಲಿ ಜರ್ಮನಿಯ ಪ್ರಕೃತಿಶಾಸ್ತ್ರಜ್ಞ ರ್‍ಯುಪೆಲ್ ಅದನ್ನು ಮೊದಲು ವರ್ಣಿಸಿದ್ದು ಕೆಂಪು ಸಮುದ್ರದ ಜೆಡ್ಡಾದಲ್ಲಿ ಸಿಕ್ಕ ಮೀನಿನಿಂದ. ಇಂಗ್ಲಿಷಿನಲ್ಲೂ ಅದು ಮಿಲ್ಕ್ ಶಾರ್ಕ್ ಆಗಿರುವುದು ನಮ್ಮ ಬಾಣಂತಿಯರ ನಂಬಿಕೆಯಿಂದಲೇ.

ಈ ಎರಡು ಮೀನುಗಳನ್ನು ಎದುರುಬದುರು ಇಟ್ಟರೆ ವ್ಯತ್ಯಾಸ ಕಾಣುವುದು ತಲೆಯಲ್ಲಿ. ಮಿಲ್ಕ್ ಶಾರ್ಕ್‌ನ ಬಾಯಿಯ ಎರಡೂ ಮೂಲೆಗಳಿಂದ ಮೇಲ್ದವಡೆಯ ಗುಂಟ ಉದ್ದನೆಯ ಗೀರು ಹೋಗಿರುತ್ತದೆ. ಸ್ಕೋಲಿಯೋಡಾನ್‌ನಲ್ಲಿ ಆ ಗೀರು ಇದ್ದೂ ಇಲ್ಲದಷ್ಟು ಗಿಡ್ಡ, ಮೂತಿ ಪಕ್ಕದಿಂದ ನೋಡಿದರೆ ತೆಳ್ಳಗೆ ಚಪ್ಪಟೆ. ಎದೆಯ ಈಜುರೆಕ್ಕೆಯೂ ಸ್ಕೋಲಿಯೋಡಾನ್‌ನಲ್ಲಿ ಗಿಡ್ಡವಾಗಿ, ಅಗಲವಾಗಿ, ತ್ರಿಕೋನದಂತಿದ್ದು, ಬೆನ್ನಿನ ಮೊದಲ ರೆಕ್ಕೆ ಬಹಳ ಹಿಂದಕ್ಕೆ ಸರಿದಿರುತ್ತದೆ. ಆದರೆ ತಲೆ ತೆಗೆದು, ರೆಕ್ಕೆ ಕತ್ತರಿಸಿ, ಹೊಟ್ಟೆ ಸೀಳಿ ಮಂಜಿನಲ್ಲಿಟ್ಟ ಮೇಲೆ ಉಳಿಯುವುದು ಬೂದು ಬಣ್ಣದ ಒಂದು ಕೊಳವೆ. ಬೆಸ್ತರ ಬಳಿ ಎರಡಿದ್ದ ಹೆಸರು ಘಟ್ಟ ಹತ್ತಿ ಕೆ.ಜಿ.ಎಫ್. ಸೇರುವಾಗ ಒಂದಾಗುವುದು ಹೀಗೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಕೊಳ್ಳುವವರು ಕೇಳುವುದು ಪಾಲ್ ಸುರಾ. ಆದ್ದರಿಂದ ಮಾರುವುದೂ ಪಾಲ್ ಸುರಾ.

ಎರಡು ಬಸಿರಿನ ಲೆಕ್ಕ

ಹೆಸರು ಯಾವುದಾದರೇನು, ಎರಡೂ ಶಾರ್ಕ್ ತಾನೇ ಎಂದು ಮನೆಯವರು ಕೇಳಿದರು. ನಾನೂ ಹಾಗೆಯೇ ಅಂದುಕೊಂಡು ಪುಸ್ತಕ ಮುಚ್ಚಿಡಬಹುದಿತ್ತು. ಆದರೆ ಅಷ್ಟರಲ್ಲಿ, ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಐ.ಯು.ಸಿ.ಎನ್. ಸಂಸ್ಥೆಯ ಕೆಂಪು ಪಟ್ಟಿಯನ್ನು ತೆರೆದು ನೋಡಿದ್ದೆ. 2020ರ ಮೌಲ್ಯಮಾಪನದಲ್ಲಿ ಸ್ಕೋಲಿಯೋಡಾನ್ ‘ಅಪಾಯಕ್ಕೆ ಸಮೀಪ’ ಎಂಬ ವರ್ಗದಲ್ಲಿದೆ. ಮಿಲ್ಕ್ ಶಾರ್ಕ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ‘ಅಪಾಯಕ್ಕೆ ಗುರಿಯಾಗಿರುವ’ ವರ್ಗದಲ್ಲಿದೆ. 2003ರಲ್ಲಿ ಇದೇ ಮಿಲ್ಕ್ ಶಾರ್ಕ್ ಚಿಂತೆಯೇ ಇಲ್ಲದ ಗುಂಪಿನಲ್ಲಿತ್ತು.

ಇದು ನನಗೆ ತಲೆಕೆಳಗಾಗಿ ಕಂಡಿತು. ಮಿಲ್ಕ್ ಶಾರ್ಕ್ ಪಶ್ಚಿಮ ಆಫ್ರಿಕಾದಿಂದ ಕೆಂಪು ಸಮುದ್ರ, ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ದಾಟಿ ಜಪಾನ್, ಆಸ್ಟ್ರೇಲಿಯಾದವರೆಗೆ ಹರಡಿಕೊಂಡ ಮೀನು. ಸ್ಕೋಲಿಯೋಡಾನ್‌ನ ಹರವು ಅದಕ್ಕೆ ಹೋಲಿಸಿದರೆ ಒಂದು ಕೈತೋಟ. ಅದರದು ದಕ್ಷಿಣ ಏಷ್ಯಾದ ದಡದ ಗುಂಟ, ಕೆಸರು ನೀರಿನಲ್ಲಿ, ಅಳಿವೆಗಳ ಬಾಯಲ್ಲಿ ಅಂಟಿಕೊಂಡ ಬದುಕು. ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿರುವುದು ಬೇರೆಯದೇ ಪ್ರಭೇದವೆಂದು 2010ರಲ್ಲಿ ತಿಳಿದ ಮೇಲೆ ಆ ಕೈತೋಟ ಇನ್ನೂ ಕಿರಿದಾಯಿತು. ಗುಜರಾತ್, ಮಹಾರಾಷ್ಟ್ರಗಳಲ್ಲಿ ನೀರಿನ ಹರಿವಿಗೆ ಅಡ್ಡ ಕಟ್ಟುವ ಚೀಲದಂತಹ ದೋಲ್ ಬಲೆಗಳಿಗೂ ದೋಣಿ ಎಳೆದೊಯ್ಯುವ ಟ್ರಾಲ್ ಬಲೆಗಳಿಗೂ ಅದು ದಿನವೂ ಬೀಳುವ ಮೀನು. ಲೋಕವೆಲ್ಲ ಹರಡಿದವನು ಸುರಕ್ಷಿತ, ಒಂದೇ ಕೇರಿಯಲ್ಲಿರುವವನು ಅಪಾಯದಲ್ಲಿ ಎಂದು ತಾನೇ ನಾವು ಮಕ್ಕಳಿಗೆ ಕಲಿಸುವುದು?

ಉತ್ತರ ಸಿಕ್ಕಿದ್ದು ಮೇಡಂ ಬಿಡಿಸಿ ತೋರಿಸಿದ ಹೊಟ್ಟೆಯಲ್ಲಿ. ಸ್ಕೋಲಿಯೋಡಾನ್ ಒಂದರಿಂದ ಎರಡು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ, ಐದಾರು ತಿಂಗಳು ಬಸಿರು ಹೊರುತ್ತದೆ, ಸಾಮಾನ್ಯವಾಗಿ ಆರರಿಂದ ಹದಿನೆಂಟು ಮರಿಗಳನ್ನು ಹೆರುತ್ತದೆ. ಮರಿಗಳು ಹುಟ್ಟುವಾಗ ಹದಿಮೂರು, ಹದಿನಾಲ್ಕು ಸೆಂಟಿಮೀಟರು. ಮಿಲ್ಕ್ ಶಾರ್ಕ್ ಎಪ್ಪತ್ತು ಸೆಂಟಿಮೀಟರಿನ ಆಸುಪಾಸಿಗೆ ಬೆಳೆದ ಮೇಲೆಯೇ ಪ್ರಾಯಕ್ಕೆ ಬರುವುದು, ಸುಮಾರು ಒಂದು ವರ್ಷ ಬಸಿರು ಹೊರುವುದು, ಹೆರುವುದು ಹೆಚ್ಚಾಗಿ ಎರಡರಿಂದ ಐದು ಮರಿ. ಮರಿಗಳೇನೋ ದೊಡ್ಡವು, ಇಪ್ಪತ್ತೈದರಿಂದ ಮೂವತ್ತೊಂಬತ್ತು ಸೆಂಟಿಮೀಟರು. ಮಕ್ಕಳಿಗೆ ಚಕ್ರಬಡ್ಡಿ ಹೇಳಿಕೊಡುವ ಗಣಿತದ ಸಹೋದ್ಯೋಗಿಯ ಪಕ್ಕ ಕುಳಿತು ಒಂದು ಸಂಜೆ ನಾವಿಬ್ಬರೂ ಲೆಕ್ಕ ಹಾಕಿದೆವು: ಎರಡೂ ಜಾತಿಯ ಒಂದೊಂದು ಹೆಣ್ಣು, ಇಬ್ಬರಿಗೂ ಐದೇ ವರ್ಷದ ಆಯುಸ್ಸು, ಅಲ್ಲಿಯವರೆಗೆ ಬಲೆಗೆ ಬೀಳದಿದ್ದರೆ. ಸ್ಕೋಲಿಯೋಡಾನ್‌ನ ಮೊಮ್ಮಕ್ಕಳು ಹುಟ್ಟುವ ಹೊತ್ತಿಗೆ ಮಿಲ್ಕ್ ಶಾರ್ಕ್ ಇನ್ನೂ ತನ್ನ ಮೊದಲ ಬಾಣಂತನವನ್ನು ಮುಗಿಸುತ್ತಿರುತ್ತದೆ. ಟ್ರಾಲ್ ಬಲೆಗೆ ಇಬ್ಬರೂ ಒಂದೇ. ಎಳೆದುಕೊಂಡದ್ದನ್ನು ತುಂಬಿ ಕೊಡುವ ಶಕ್ತಿ ಮಾತ್ರ ಇಬ್ಬರಲ್ಲಿ ಒಂದೇ ಅಲ್ಲ.

ಮಿಲ್ಕ್ ಶಾರ್ಕ್‌ನ ವಿಶಾಲವಾದ ಹರವು ಕೂಡ ಅಂದುಕೊಂಡಷ್ಟು ರಕ್ಷಣೆ ಕೊಡುವುದಿಲ್ಲ. ಅದು ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನ ಮೀನು, ಆದ್ದರಿಂದ ಅದರ ಭೂಪಟವೂ ಮೀನುಗಾರಿಕೆಯ ಭೂಪಟವೂ ಬಹುತೇಕ ಒಂದೇ. ಮಿತಿ ಹಾಕಿಕೊಂಡು ಹಿಡಿಯುವ ಆಸ್ಟ್ರೇಲಿಯಾದಂತಹ ಕಡೆ ಅದರ ಸ್ಥಿತಿ ಪರವಾಗಿಲ್ಲ. ಮಿತಿಯಿಲ್ಲದ ಕಡೆಗಳೇ ಹೆಚ್ಚು. ಕೆಂಪು ಪಟ್ಟಿಯ ಈ ವರ್ಗಗಳು ಸಮುದ್ರದಲ್ಲಿ ಈಗ ಎಷ್ಟು ಮೀನಿವೆ ಎಂಬುದನ್ನು ಹೇಳುವುದಿಲ್ಲ, ಮೂರು ತಲೆಮಾರಿನಲ್ಲಿ ಎಷ್ಟು ಪಾಲು ಕಳೆದುಹೋಯಿತು ಎಂಬುದನ್ನು ಮುಖ್ಯವಾಗಿ ನೋಡುತ್ತವೆ. ನೂರಕ್ಕೆ ಮೂವತ್ತರಷ್ಟು ಇಳಿದಿದೆ ಎಂದು ಕಂಡರೆ ‘ಅಪಾಯಕ್ಕೆ ಗುರಿಯಾಗಿರುವ’ ವರ್ಗ. ಮೀನಿನ ಬುಟ್ಟಿ ಇಂದೂ ತುಂಬಿದೆಯಲ್ಲ ಎಂಬುದು ಆ ಲೆಕ್ಕಕ್ಕೆ ಉತ್ತರವಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿಯ ಕೊನೆಯ ವರ್ಷದವರೆಗೂ ತೊಟ್ಟಿಗಳು ತುಂಬಿಯೇ ಇರುತ್ತಿದ್ದವು.

ಸ್ಕೋಲಿಯೋಡಾನ್ ಮೇಲಿನ ಮೆಟ್ಟಿಲಲ್ಲಿ ನಿಂತಿದೆಯೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಬೇಗ ಹೆರುವ ಪ್ರಾಣಿ ಹೆಚ್ಚು ಹೊಡೆತ ತಾಳುತ್ತದೆಂಬ ಒಂದೇ ನೆಚ್ಚಿಕೆಯ ಮೇಲೆ ಅದು ನಿಂತಿದೆ. ತಾಳಿಕೊಳ್ಳುವವಳಿಗೇ ಇನ್ನಷ್ಟು ಹೊರಿಸುವ ರೂಢಿಯನ್ನು ನಾನು ಮನೆಗಳಲ್ಲೂ ನೋಡಿದ್ದೇನೆ.

ಮಗಳೆಂದು ಕರೆಸಿಕೊಂಡ ಶಾರ್ಕ್

ಇಲ್ಲಿ ಒಂದು ಅಡ್ಡಮಾತು. ಗುಜರಾತಿನ ಕಡಲಿಗೆ ಬರುತ್ತಿದ್ದ ತಿಮಿಂಗಿಲ ಶಾರ್ಕನ್ನು ಅದರ ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಆದರೆ ಬೆಸ್ತರ ಮನಸ್ಸು ತಿರುಗಿದ್ದು ಕಾಯ್ದೆಯಿಂದಲ್ಲ, 2004ರಲ್ಲಿ ಶುರುವಾದ ಒಂದು ಆಂದೋಲನದಿಂದ. ಕಥಾವಾಚಕ ಮೊರಾರಿ ಬಾಪು ಆ ಮೀನನ್ನು ‘ವ್ಹಾಲಿ’, ಅಂದರೆ ಪ್ರೀತಿಯವಳು ಎಂದು ಕರೆದು, ಅದು ಹೆರಿಗೆಗೆ ತವರಿಗೆ ಬರುವ ಮಗಳಿದ್ದಂತೆ ಎಂದು ಹೇಳಿದರು. ತವರಿಗೆ ಬಂದ ಬಸುರಿಯನ್ನು ಯಾವ ಹಳ್ಳಿಯವನು ಕೊಲ್ಲುತ್ತಾನೆ? ಬಲೆಗೆ ಬಿದ್ದ ತಿಮಿಂಗಿಲ ಶಾರ್ಕನ್ನು ತಮ್ಮ ಬಲೆಯನ್ನೇ ಕತ್ತರಿಸಿ ಬಿಟ್ಟವರಿದ್ದಾರೆ.

ಈ ಸಣ್ಣ ಸೊರಗಳಿಗೆ ಅಂತಹ ಕಥೆ ಸಿಗಲಿಲ್ಲ. ಸಿಕ್ಕಿದ್ದು ವಿಚಿತ್ರವಾದ ಇನ್ನೊಂದು ಕಥೆ: ತಾನು ಹೊಕ್ಕುಳಬಳ್ಳಿಯಿಂದ ಮರಿಗಳನ್ನು ಸಾಕುವ ಮೀನು, ಮನುಷ್ಯರ ತಾಯಂದಿರಿಗೆ ಹಾಲು ತರಿಸುತ್ತದೆ ಎಂಬ ಕಥೆ. ಅದು ಎಷ್ಟು ನಿಜ ಎಂದು ಮನೆಗೆ ಬರುತ್ತಿದ್ದ ನರ್ಸಮ್ಮನನ್ನು ಕೇಳಿದೆ. ‘ಮಗು ಎಷ್ಟು ಸಲ ಚೀಪುತ್ತೋ ಅಷ್ಟು ಹಾಲು ಬರುತ್ತೆ ಸಾರ್, ಮೀನಿನಲ್ಲಿ ಪ್ರೋಟೀನ್ ಇದೆ, ತಿನ್ನಲಿ ಬಿಡಿ’ ಎಂದರು. ಶರೀರಶಾಸ್ತ್ರವೂ ಅದನ್ನೇ ಹೇಳುತ್ತದೆ. ಮಗು ಚೀಪಿದಷ್ಟೂ ಪ್ರೊಲ್ಯಾಕ್ಟಿನ್ ಹಾರ್ಮೋನು ಸ್ರವಿಸುತ್ತದೆ. ಇದರ ಜೊತೆಗೆ ಇನ್ನೊಂದು ವಿಷಯವನ್ನು ನಾನು ಓದಿಕೊಂಡಿದ್ದೆ, ಹೇಳುವುದೋ ಬೇಡವೋ ಎಂದು ಎರಡು ದಿನ ತಡೆದೆ. ಬೇಟೆಯಾಡಿ ಬದುಕುವ ಶಾರ್ಕ್‌ಗಳ ಮಾಂಸದಲ್ಲಿ ಪಾದರಸ ಸೇರಿಕೊಳ್ಳುತ್ತ ಹೋಗುತ್ತದೆ, ಆ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬಸುರಿಯರೂ ಹಾಲೂಡಿಸುವ ತಾಯಂದಿರೂ ಶಾರ್ಕ್ ತಿನ್ನಬಾರದೆಂದು ಹೇಳುತ್ತದೆ. ದೊಡ್ಡ ಶಾರ್ಕ್‌ಗಳಿಗಿಂತ ಈ ಚಿಕ್ಕವುಗಳಲ್ಲಿ ಅದು ಕಡಿಮೆ ಇರುತ್ತದೆಂಬುದೂ ನಿಜ. ಕೊನೆಗೆ ತಂಗಿಗೆ ಹೇಳಿದೆ. ಅವಳು, ‘ಒಂದು ಸಲಕ್ಕೆ ಏನೂ ಆಗಲ್ಲ ಬಿಡಣ್ಣ, ಅಜ್ಜಿ ಅಷ್ಟು ಆಸೆಪಟ್ಟು ಹೇಳಿದ್ದಾರೆ’ ಎಂದಳು.

ಪುಟ್ಟು ಮಾಡಿದ್ದು ಅಜ್ಜಿಯೇ. ಅರಿಸಿನ ಹಾಕಿ ಬೇಯಿಸಿದ ಮೀನಿನ ಚರ್ಮವನ್ನು ಬಿಸಿ ಇರುವಾಗಲೇ ಬೆರಳಿನಿಂದ ಉಜ್ಜಿ ತೆಗೆದು, ಮಾಂಸವನ್ನು ಉದುರುದುರಾಗಿ ಪುಡಿ ಮಾಡಿ, ಹಿಂಡಿ ನೀರು ತೆಗೆದು, ಸಾಂಬಾರು ಈರುಳ್ಳಿ, ಎರಡು ಗೆಡ್ಡೆ ಬೆಳ್ಳುಳ್ಳಿ, ಮೆಣಸಿನ ಪುಡಿಯೊಂದಿಗೆ ಹುರಿದರು. ಬಾಣಂತಿಯೆಂದು ಹಸಿಮೆಣಸಿನಕಾಯಿ ಬಿಟ್ಟರು. ಬೇಯುವಾಗ ಅಡುಗೆಮನೆಯಲ್ಲಿ ಅಮೋನಿಯಾದ ಘಾಟು ಎದ್ದಿತು. ಸಮುದ್ರದ ಉಪ್ಪಿಗೆ ಸಾಟಿಯಾಗಿ ಶಾರ್ಕ್ ತನ್ನ ಮೈಯಲ್ಲಿ ಯೂರಿಯಾ ಹಿಡಿದಿಟ್ಟುಕೊಂಡಿರುತ್ತದೆ, ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ, ಚೆನ್ನೈಯಿಂದ ವ್ಯಾನಿನಲ್ಲಿ ರಾತ್ರಿಯಿಡೀ ಬಂದ ಮೀನಿಗೆ ಅದಕ್ಕೆ ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಕಪಾಲ ನರಗಳೊಂದಿಗೆ ಇದನ್ನೂ ನಾನು ಕಂಠಪಾಠ ಮಾಡಿದ್ದೆ. ಬಾಣಂತಿ ರುಚಿಯಾಗಿದೆ ಎಂದು ಎರಡು ಸಲ ಹಾಕಿಸಿಕೊಂಡಳು. ನಾಲ್ಕು ದಿನಕ್ಕೆ ಹಾಲೂ ಸಾಕಾಯಿತು. ಅಜ್ಜಿ ಸುರಾ ಎಂದರು, ನರ್ಸಮ್ಮ ಚೀಪಿದ್ದರಿಂದ ಎಂದರು, ಮಗುವಿಗೆ ಆ ಚರ್ಚೆ ಬೇಕಿರಲಿಲ್ಲ.

ಹೋಲಿಕೆಯೇ ಕಾನೂನಾದಾಗ

ತಲೆಯಿಲ್ಲದ ಮೀನನ್ನು ಗುರುತಿಸಲಾಗದ ಕಷ್ಟ ನನ್ನೊಬ್ಬನದಲ್ಲ ಎಂದು ತಿಳಿದದ್ದು ಆಮೇಲೆ. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ್ದ ಸೈಟಿಸ್, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಸಮ್ಮೇಳನದಲ್ಲಿ ಈ ಎರಡೂ ಮೀನುಗಳಿರುವ ಇಡೀ ಕಾರ್ಕರಿನಿಡೇ ಕುಟುಂಬವನ್ನು ಎರಡನೆಯ ಅನುಬಂಧಕ್ಕೆ ಸೇರಿಸಿದರು. ಕುಟುಂಬದಲ್ಲಿ ಐವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ನಿಜವಾಗಿ ಅಳಿವಿನ ಅಂಚಿನಲ್ಲಿವೆಯೆಂದು ಹೆಸರಿಸಿದ್ದು ಹತ್ತೊಂಬತ್ತನ್ನು. ಉಳಿದವು ಸೇರಿದ್ದು ಆ ಹತ್ತೊಂಬತ್ತನ್ನು ಹೋಲುತ್ತವೆ ಎಂಬ ಕಾರಣಕ್ಕೆ. ಒಣಗಿದ ರೆಕ್ಕೆಯನ್ನೋ ಹೆಪ್ಪುಗಟ್ಟಿದ ತುಂಡನ್ನೋ ಬಂದರಿನಲ್ಲಿ ನೋಡುವ ಅಧಿಕಾರಿಗೆ ಇದು ಯಾವುದೆಂದು ಹೇಳಲಾಗದಾದರೆ, ಎಲ್ಲವಕ್ಕೂ ಪರವಾನಗಿ ಕೇಳುವುದೊಂದೇ ದಾರಿ. 2023ರ ನವೆಂಬರ್ 25ರಿಂದ ಇದು ಜಾರಿಗೆ ಬಂತು. ಹೀಗೆ ರಾಬರ್ಟ್‌ಸನ್‌ಪೇಟೆಯ ಅಕ್ಕ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದದ್ದಕ್ಕೂ ಜಗತ್ತಿನ ಸರ್ಕಾರಗಳು ಎಲ್ಲವನ್ನೂ ಒಂದೇ ಅನುಬಂಧದಲ್ಲಿ ಬರೆದದ್ದಕ್ಕೂ ಕಾರಣ ಒಂದೇ ಆಗಿತ್ತು. ನನಗೆ ಇದು ಬುದ್ಧಿವಂತಿಕೆಯ ನಡೆ ಎನ್ನಿಸಿತು. ಗೊತ್ತಿಲ್ಲ ಎಂಬುದನ್ನು ಒಪ್ಪಿಕೊಂಡು ಮಾಡಿದ ಕಾನೂನುಗಳು ಕಡಿಮೆ.

ಆದರೆ ಅದು ಗಡಿ ದಾಟುವ ವ್ಯಾಪಾರದ ಮಾತು. ಚೆನ್ನೈಯಿಂದ ಕೆ.ಜಿ.ಎಫ್.ಗೆ ಬರುವ ಬುಟ್ಟಿಗೆ ಅದು ಅನ್ವಯಿಸುವುದಿಲ್ಲ. ಈ ಎರಡು ಮೀನುಗಳಿಗೆ ತಿಮಿಂಗಿಲ ಶಾರ್ಕ್‌ಗೆ ಇರುವಂತಹ, ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯೂ ಇಲ್ಲ. ಹಾಗೆ ಪೂರ್ತಿ ನಿಷೇಧಿಸಬೇಕೆಂದು ನಾನೂ ಹೇಳುವುದಿಲ್ಲ, ಏಕೆಂದರೆ ಟ್ರಾಲ್ ಬಲೆಗೆ ಬೇರೆ ಮೀನ ಜೊತೆ ಬಿದ್ದು ದೋಣಿಗೆ ಬರುವ ಹೊತ್ತಿಗೆ ಇವು ಹೆಚ್ಚಾಗಿ ಸತ್ತೇ ಇರುತ್ತವೆ, ಸತ್ತದ್ದನ್ನು ಮತ್ತೆ ನೀರಿಗೆ ಎಸೆಯಲು ಹೇಳುವ ಕಾನೂನಿನಿಂದ ಬೆಸ್ತರಿಗೂ ಮೀನಿಗೂ ಲಾಭವಿಲ್ಲ. ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು, ಮರಿಗಳು ಬೆಳೆಯುವ ದಡದ ನೀರಿನಲ್ಲಿ ಯಾವ ತಿಂಗಳು ಟ್ರಾಲ್ ಇಳಿಯಬಾರದು, ಎಷ್ಟು ಉದ್ದದ ಕೆಳಗಿನದನ್ನು ಮಾರುಕಟ್ಟೆ ಮುಟ್ಟಬಾರದು ಎಂಬ ನೀರಸವಾದ ನಿಯಮಗಳೇ ಕೆಲಸಕ್ಕೆ ಬರುವಂಥವು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಅರವತ್ತೊಂದು ದಿನ ಟ್ರಾಲ್ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಆರು ತಿಂಗಳಿಗೆ ಹೆರುವವಳಿಗೆ ಎರಡು ತಿಂಗಳ ಬಿಡುವು ಒಂದು ಬಗೆ, ವರ್ಷವಿಡೀ ಹೊರುವವಳಿಗೆ ಇನ್ನೊಂದು ಬಗೆ. ಒಂದೇ ರಜೆ ಇಬ್ಬರಿಗೂ ಒಂದೇ ಅಲ್ಲ ಎಂಬುದನ್ನು ಹೇಳಲಾದರೂ ಇಬ್ಬರಿಗೆ ಬೇರೆಬೇರೆ ಹೆಸರು ಬೇಕು.

ರಾಬರ್ಟ್‌ಸನ್‌ಪೇಟೆಗೆ ಮತ್ತೆ ಹೋದದ್ದು ಜೂನ್ ಕೊನೆಯಲ್ಲಿ. ಅಕ್ಕನಿಗೆ ನನ್ನ ನೆನಪಿತ್ತು. ‘ತಲೆ ಕೇಳಿದ ಮೇಷ್ಟ್ರು’ ಎಂದು ಪಕ್ಕದವರಿಗೆ ಹೇಳಿ ನಕ್ಕು, ಬುಟ್ಟಿಯ ತಳದಿಂದ ತಲೆ ಸಮೇತ ಇದ್ದ ಒಂದನ್ನು ಎಳೆದು ಹಲಗೆಯ ಮೇಲಿಟ್ಟರು. ಹೆಬ್ಬೆರಳಿನಿಂದ ಬಾಯಿಯ ಮೂಲೆ ಸವರಿದೆ. ಉದ್ದನೆಯ ಗೀರು ಸ್ಪಷ್ಟವಾಗಿ ಸಿಕ್ಕಿತು. ರೈಜೋಪ್ರಿಯೊನೊಡಾನ್ ಮನೆಯಲ್ಲೇ ಆಲಿಗೊಲಿಂಕ್ಸ್ ಎಂಬ ಇನ್ನೊಬ್ಬ ಚಿಕ್ಕ ದಾಯಾದಿ ಇದ್ದಾನೆ, ಅವನಿಗೆ ಬಾಯಿಯ ಮೂಲೆಯ ಹಿಂದಿನ ದೊಡ್ಡ ರಂಧ್ರಗಳು ಕಡಿಮೆ. ಕನ್ನಡಕವನ್ನು ಹಣೆಗೇರಿಸಿ ಎಣಿಸಿದೆ, ಒಂದು ಬದಿಗೆ ಹನ್ನೊಂದು ಇದ್ದವು. ‘ಪಾಲ್ ಸುರಾನೇ ಅಲ್ವಾ ಮೇಷ್ಟ್ರೇ? ನಾನು ಅವತ್ತೇ ಹೇಳಿರಲಿಲ್ವಾ?’ ಎಂದರು ಅಕ್ಕ. ಹೌದು ಎಂದೆ. ಮೀನು ನನ್ನ ಎರಡು ಗೇಣಿಗೆ ಎರಡು ಬೆರಳು ಕಡಿಮೆಯಿತ್ತು.

ಅದನ್ನು ಕೊಂಡೆ. ಮೈಯನ್ನು ತಂಗಿ ಪುಟ್ಟು ಮಾಡಿದಳು. ತಲೆ ಈಗ ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ, ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿಯಲ್ಲಿದೆ. ಚೀಟಿಯ ಮೇಲೆ ಹೆಸರಿನ ಮುಂದೆ ಪಾಲ ಸೊರ ಎಂದೂ ಅದರ ಕೆಳಗೆ ರೈಜೋಪ್ರಿಯೊನೊಡಾನ್ ಅಕ್ಯೂಟಸ್ ಎಂದೂ ಬರೆದೆ, ಕೊಂಡ ಸ್ಥಳದ ಮುಂದೆ ರಾಬರ್ಟ್‌ಸನ್‌ಪೇಟೆ ಎಂದು ಬರೆದೆ. ಹಿಡಿದ ಸ್ಥಳ ಎಂಬ ಜಾಗ ಇನ್ನೂ ಖಾಲಿ ಇದೆ. ಫೋನು ಮಾಡಿ ಕೇಳಿದಾಗ ಅಕ್ಕ, ‘ಸಮುದ್ರ ಅಂತ ಬರ್ಕೊಳ್ಳಿ ಸಾರ್’ ಎಂದರು.